ತಾಯಿಯ ದುಡಿಮೆ, ಮಗನ ಕಣ್ಣೀರು

ಹೊಸ ಕತೆಗಾರರ ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸ ಆಗಾಗ ನಮ್ಮ ಪಾಲಿಗೆ ಬರುತ್ತದೆ. ಈದ್ ವಿಶೇಷಾಂಕದ ಹೊತ್ತಿಗೆ ಅವು ಕಟ್ಟುಕಟ್ಟಾಗಿ ಬರುತ್ತವೆ. 'ಅಮ್ಮಿ' ಎಂದೋ 'ಉಮ್ಮ' ಎಂದೋ ಹೆಸರಿಟ್ಟ ಕತೆ ಇಲ್ಲದ ಕಟ್ಟನ್ನು ನಾವು ಈವರೆಗೆ ಬಿಚ್ಚಿಲ್ಲ. ಊರು, ಹೆಸರು ಬದಲಾದರೂ ಕತೆ ಹೆಚ್ಚುಕಡಿಮೆ ಒಂದೇ. ತಂದೆ ತೀರಿಕೊಂಡಿರುತ್ತಾನೆ, ಇಲ್ಲವೇ ಬಿಟ್ಟು ಹೋಗಿರುತ್ತಾನೆ. ತಾಯಿ ಬೀಡಿ ಕಟ್ಟಿಯೋ ಊದುಬತ್ತಿ ಹೊಸೆದೋ ಮಕ್ಕಳನ್ನು ಸಾಕುತ್ತಾಳೆ. ತಾನು ಉಂಡೆನೆಂದು ಸುಳ್ಳು ಹೇಳಿ ಹಸಿದು ಮಲಗುತ್ತಾಳೆ. ಮಗ ಓದಿ ಮೇಷ್ಟ್ರೋ ಇಂಜಿನಿಯರೋ ಆಗುತ್ತಾನೆ. ಕಡೆಗೆ ಅವಳ ಕಬರಿನ ಮುಂದೆ ನಿಂತು ಎರಡು ಹನಿ ಕಣ್ಣೀರು ಹಾಕುತ್ತಾನೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಇವನ್ನೆಲ್ಲ ಸುಳ್ಳು ಎಂದು ತಳ್ಳಿಹಾಕುವ ಧೈರ್ಯ ನಮಗಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಹೀಗೆ ಬೆಳೆದ ಮಕ್ಕಳು ನೂರಾರು. ಇಂಥ ಕತೆ ಬರೆದವರಲ್ಲಿ ಎಷ್ಟೋ ಜನ ತಮ್ಮ ಮನೆಯನ್ನೇ ಬರೆದಿರುತ್ತಾರೆ. ಆದರೂ ಓದಿ ಕೆಳಗಿಟ್ಟ ಮೇಲೆ ಏನೋ ಒಂದು ತಪ್ಪಿಹೋದಂತೆ ಅನಿಸುತ್ತದೆ. ಮೊನ್ನೆ ಓದಿದ ಒಂದು ಕತೆಯಲ್ಲಿ ಅದು ಏನೆಂದು ಹೊಳೆಯಿತು. ಎಂಟು ಪುಟದ ಕತೆ. ಅದರಲ್ಲಿ 'ಕಣ್ಣೀರು' ಎಂಬ ಶಬ್ದ ಹನ್ನೊಂದು ಸಲ ಬಂದಿದೆ. ಸಾವಿರ ಬೀಡಿಗೆ ಮಜೂರಿ ಎಷ್ಟು ಎಂಬುದು ಒಮ್ಮೆಯೂ ಬಂದಿಲ್ಲ. ಎಲೆಯನ್ನು ನೆನೆಸಿಡುವುದು, ಅಚ್ಚಿಟ್ಟು ಕತ್ತರಿಸುವುದು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಹೊಗೆಸೊಪ್ಪು ತುಂಬಿ ಸುತ್ತುವುದು, ನೂಲು ಬಿಗಿಯುವುದು, ಬಾಯಿ ಮಡಚುವುದು, ಇಪ್ಪತ್ತೈದಕ್ಕೊಂದು ಕಟ್ಟು ಮಾಡುವುದು, ಒಯ್ದು ಕೊಟ್ಟಾಗ ನೋಡುವವನು ಹಿಡಿಹಿಡಿಯಾಗಿ ತೆಗೆದು ಪಕ್ಕಕ್ಕೆ ಎಸೆಯುವುದು, ಎಸೆದದ್ದಕ್ಕೆ ದುಡ್ಡಿಲ್ಲದಿರುವುದು. ಬೀಡಿಯಿಂದ ಬೆಳೆದ ಹುಡುಗನಿಗೆ ಇದೆಲ್ಲ ಬಾಯಿಪಾಠ ಇರುತ್ತದೆ. ಆದರೆ ಕತೆ ಬರೆಯಲು ಕುಳಿತಾಗ ಅವನು ಅದನ್ನೆಲ್ಲ ಹೊಸ್ತಿಲಾಚೆ ಬಿಟ್ಟು ಬರುತ್ತಾನೆ. ಅದು 'ಸಾಹಿತ್ಯ' ಅಲ್ಲವೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ.

ಹೇಳಿಕೊಟ್ಟವರಲ್ಲಿ ನಾವೂ ಒಬ್ಬರು. ಅದನ್ನು ಮುಂದೆ ಹೇಳುತ್ತೇವೆ.

ಒಂಟಿ ತಾಯಿಯನ್ನು ಕೃತಜ್ಞತೆಯಿಂದ ನೆನೆದ ಬರಹ ನಮ್ಮಲ್ಲಿ ಹೊಸದಲ್ಲ. ಅದರ ಒಂದು ಒಳ್ಳೆಯ ಮಾದರಿ ನಮ್ಮ ನೆಲದ ಜೈಲಿಗೂ ಸಂಬಂಧಪಟ್ಟದ್ದು ಎಂಬುದನ್ನು ಅನೇಕರು ಮರೆತಿದ್ದಾರೆ. ಮೌಲಾನಾ ಮೊಹಮ್ಮದ್ ಅಲಿ 1921ರ ಕರಾಚಿ ಮೊಕದ್ದಮೆಯಲ್ಲಿ ಶಿಕ್ಷೆಯಾದ ಮೇಲೆ ಬಿಜಾಪುರದ ಜೈಲಿನಲ್ಲಿದ್ದರು. ಆ ಸೆರೆವಾಸದ ಕಾಲದ ಬರವಣಿಗೆಯೇ 'ಮೈ ಲೈಫ್: ಎ ಫ್ರಾಗ್ಮೆಂಟ್' ಎಂಬ ಅರ್ಧಕ್ಕೆ ನಿಂತ ಆತ್ಮಕತೆ. ಅವರು ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ, 1942ರಲ್ಲಿ ಲಾಹೋರಿನಲ್ಲಿ ಅದು ಅಚ್ಚಾಯಿತು. ಇಸ್ಲಾಮಿನ ಬಗ್ಗೆ ಬರೆಯಬೇಕೆಂದು ಹೊರಟವರು ಬಾಲ್ಯಕ್ಕೆ ಹೋಗಿದ್ದಾರೆ. ಬಾಲ್ಯಕ್ಕೆ ಹೋದವರು ತಾಯಿಯ ಹತ್ತಿರ ನಿಂತಿದ್ದಾರೆ.

ಆ ತಾಯಿ ಆಬಾದಿ ಬಾನೊ ಬೇಗಂ. ಲೋಕ ಅವರನ್ನು 'ಬೀ ಅಮ್ಮಾ' ಎಂದು ಕರೆಯಿತು. ಆ ಹೆಸರಿನ ಕೆಳಗೆ ಅವರ ಸ್ವಂತ ಹೆಸರು ಮುಚ್ಚಿಹೋಯಿತು. ರಾಮಪುರದ ಮನೆತನ. ಮೊಹಮ್ಮದ್ ಅಲಿ ಹುಟ್ಟಿದ್ದು 1878ರಲ್ಲಿ. ಅವರಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಅಬ್ದುಲ್ ಅಲಿ ಖಾನ್ ಕಾಲರಾದಿಂದ ತೀರಿಕೊಂಡರು. ತಾಯಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಮನೆ ತುಂಬ ಮಕ್ಕಳು, ಗಂಡ ಬಿಟ್ಟುಹೋದ ಸಾಲ. ಮರುಮದುವೆಗೆ ಶರೀಅತ್ತಿನ ಅಡ್ಡಿಯೇನೂ ಇರಲಿಲ್ಲ. ಅವರೇ ಒಪ್ಪಲಿಲ್ಲ. ಆಸ್ತಿಯ ಉಸ್ತುವಾರಿ ಮೈದುನನ ಕೈಯಲ್ಲಿತ್ತು. ಹಿರಿಯ ಮಗನನ್ನು ಇಂಗ್ಲಿಷ್ ಶಾಲೆಗೆ ಕಳಿಸಿ ಆಗಿತ್ತು. ಉಳಿದ ಹುಡುಗರನ್ನೂ ಕಳಿಸುತ್ತೇನೆ ಎಂದಾಗ, ಮನೆಯಲ್ಲಿ ಒಬ್ಬ ಕಾಫಿರನಾದದ್ದು ಸಾಕು ಎಂಬ ಧಾಟಿಯಲ್ಲಿ ಆ ಚಿಕ್ಕಪ್ಪ ದುಡ್ಡು ಕೊಡಲು ನಿರಾಕರಿಸಿದರು. ಆಗ ಈ ತಾಯಿ ಜಗಳವಾಡಲಿಲ್ಲ, ಅಳುತ್ತ ಕೂಡಲಿಲ್ಲ. ಪರದೆಯೊಳಗಿಂದಲೇ, ಮನೆಗೆಲಸದವಳ ಕೈಯಲ್ಲಿ ತಮ್ಮ ಒಡವೆಗಳನ್ನು ಗುಟ್ಟಾಗಿ ಕಳಿಸಿ ಒಬ್ಬ ಹಿಂದೂ ಸಾಹುಕಾರನ ಬಳಿ ಅಡವಿಟ್ಟರು. ಆ ದುಡ್ಡಿನಲ್ಲಿ ಮಗನನ್ನು ಬರೇಲಿಯ ಶಾಲೆಗೆ ಕಳಿಸಿದರು. ವಿಷಯ ಗೊತ್ತಾದ ಮೇಲೆ ಚಿಕ್ಕಪ್ಪನೇ ಸೋತು ಖರ್ಚನ್ನು ಆಸ್ತಿಯಿಂದ ಕೊಡಲು ಒಪ್ಪಿದರು. ಬರೇಲಿಯಿಂದ ಅಲಿಗಢ, ಅಲಿಗಢದಿಂದ 1898ರಲ್ಲಿ ಮೊಹಮ್ಮದ್ ಅಲಿ ಆಕ್ಸ್‌ಫರ್ಡಿಗೆ ಹೋದರು.

ಈ ಭಾಗವನ್ನು ಓದುವಾಗ ನಮಗೆ ಮೆಚ್ಚುಗೆಯಾಗುವುದು ಮಗನ ಭಕ್ತಿಗಲ್ಲ. ಭಕ್ತಿ ಅಲ್ಲಿ ಧಾರಾಳವಾಗಿಯೇ ಇದೆ. ತಾನು ಕಂಡವರಲ್ಲೆಲ್ಲ ಆಕೆಗಿಂತ ವಿವೇಕಿಗಳಿಲ್ಲ ಎಂಬರ್ಥದ ಮಾತನ್ನು ಅವರು ಬರೆದಿದ್ದಾರೆ. ಮೆಚ್ಚುಗೆಯಾಗುವುದು ಮಗನಿಗೆ ವ್ಯವಹಾರ ನೆನಪಿರುವುದಕ್ಕೆ. ಒಡವೆ ಯಾರ ಕೈಯಲ್ಲಿ ಹೋಯಿತು, ಯಾರ ಬಳಿಗೆ ಹೋಯಿತು, ಯಾರಿಗೆ ಗೊತ್ತಾಗದಂತೆ ಹೋಯಿತು ಎಂಬುದನ್ನು ಅವರು ಮರೆತಿಲ್ಲ. 'ತಾಯಿ ತ್ಯಾಗ ಮಾಡಿದಳು' ಎಂದು ಒಂದು ವಾಕ್ಯದಲ್ಲಿ ಮುಗಿಸಬಹುದಾಗಿತ್ತು. ಹಾಗೆ ಮುಗಿಸದೆ ಒಂದು ಸಂಚನ್ನು ವಿವರಿಸಿದಂತೆ ವಿವರಿಸಿದ್ದಾರೆ. ಆದ್ದರಿಂದ ಆ ಹೆಂಗಸು ನಮಗೆ ಕಾಣುತ್ತಾಳೆ. ಲೆಕ್ಕ ಬಲ್ಲವಳು, ಗುಟ್ಟು ಬಲ್ಲವಳು, ಯಾರನ್ನು ಎದುರು ಹಾಕಿಕೊಳ್ಳಬೇಕು, ಯಾರನ್ನು ಬಳಸಿ ಹೋಗಬೇಕು ಎಂದು ಬಲ್ಲವಳು. ಓದುಬರಹ ಅಷ್ಟಕ್ಕಷ್ಟೆ. ಆದರೆ ಆ ಕಾಲದ ಅಲಿಗಢದ ಎಷ್ಟೋ ಪದವೀಧರರಿಗಿಂತ ಮುಂದಿನ ಕಾಲವನ್ನು ಚೆನ್ನಾಗಿ ಓದಿದವಳು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಬೀ ಅಮ್ಮಾ ಆಸ್ತಿವಂತರ ಮನೆಯವರು. ಅಡವಿಡಲು ಅವರ ಬಳಿ ಒಡವೆ ಇತ್ತು, ಕಳಿಸಲು ಕೆಲಸದವಳಿದ್ದಳು. ಆ ಕೆಲಸದವಳಿಗೂ ಮಕ್ಕಳಿದ್ದಿರಬಹುದು. ಅವಳ ಮಗ ಆತ್ಮಕತೆ ಬರೆಯಲಿಲ್ಲ. ನಮ್ಮ ಸ್ಮೃತಿಯ ಸಾಹಿತ್ಯದಲ್ಲಿ ಯಾವ ತಾಯಿ ಉಳಿಯುತ್ತಾಳೆ ಎನ್ನುವುದು ಅವಳ ಕಷ್ಟದ ಮೇಲೆ ನಿಂತಿಲ್ಲ, ಅವಳ ಮಗ ಏನಾದ ಎನ್ನುವುದರ ಮೇಲೆ ನಿಂತಿದೆ. ಸೋತ ಮಗನ ತಾಯಿಯೂ ಅಷ್ಟೇ ಬೀಡಿ ಕಟ್ಟಿರುತ್ತಾಳೆ.

ಮಗ ಇಷ್ಟು ವಿವರವಾಗಿ ನೆನೆದ ತಾಯಿಯನ್ನು ಸಾರ್ವಜನಿಕ ನೆನಪು ಹೇಗೆ ಇಟ್ಟುಕೊಂಡಿತು? ಒಂದು ಹಾಡಾಗಿ. ಖಿಲಾಫತ್ ಚಳವಳಿಯ ದಿನಗಳಲ್ಲಿ ಉತ್ತರದ ಬೀದಿಬೀದಿಗಳಲ್ಲಿ ಹಾಡಿದ ಒಂದು ಪದವಿದೆ. ಅದರಲ್ಲಿ ಈ ತಾಯಿ ಮಗನಿಗೆ ಖಿಲಾಫತ್ತಿಗಾಗಿ ಪ್ರಾಣ ಕೊಡಲು ಹೇಳುತ್ತಾಳೆ. ಹಾಡು ಚಳವಳಿಗೆ ಬೇಕಿತ್ತು, ಒಪ್ಪೋಣ. 1917ರಲ್ಲಿ ಮಕ್ಕಳು ಬಂಧನದಲ್ಲಿದ್ದಾಗ ಕಲಕತ್ತೆಯ ಮುಸ್ಲಿಂ ಲೀಗ್ ಅಧಿವೇಶನದಲ್ಲಿ ಬುರ್ಖಾದೊಳಗಿಂದ ಭಾಷಣ ಮಾಡಿದ ಧೀರೆ ಆಕೆ. ಆದರೆ ಮಗನನ್ನು ಬದುಕಿಸಿ ಓದಿಸಲು ಒಡವೆ ಅಡವಿಟ್ಟ ಹೆಂಗಸು ಹಾಡಿನಲ್ಲಿ ಮಗನ ಸಾವನ್ನು ಕೇಳುವ ತಾಯಿಯಾದಳು. ಅವಳ ನಲವತ್ತು ವರ್ಷಗಳ ಸಂಸಾರ ಹಾಡಿಗೆ ಬೇಕಾಗಲಿಲ್ಲ. ತಾಯಿಯನ್ನು ದೊಡ್ಡದು ಮಾಡುವಾಗಲೇ ಅವಳ ದುಡಿಮೆಯನ್ನು ಅಳಿಸಿಹಾಕುವ ಈ ಕ್ರಮ ಅಲ್ಲಿಗೇ ನಿಲ್ಲಲಿಲ್ಲ.

ಮೆಹಬೂಬ್ ಖಾನ್ ಅವರ 'ಮದರ್ ಇಂಡಿಯಾ' (1957) ನೋಡದ ಮುಸ್ಲಿಂ ಮನೆ ನಮ್ಮ ಊರುಗಳಲ್ಲಿ ಇರಲಿಕ್ಕಿಲ್ಲ. ಕೈ ಕಳೆದುಕೊಂಡ ಗಂಡ ಮನೆ ಬಿಟ್ಟು ಹೋದ ಮೇಲೆ ರಾಧಾ ತಾನೇ ನೊಗಕ್ಕೆ ಹೆಗಲು ಕೊಡುತ್ತಾಳೆ. ಆ ಚಿತ್ರದ ಕೆಸರು ನಿಜವಾದ ಕೆಸರು. ನರ್ಗಿಸ್ ಅವರ ಮೈಯಲ್ಲಿ ದುಡಿಮೆ ಕಾಣುತ್ತದೆ. ಆದರೆ ಚಿತ್ರ ಅವಳನ್ನು ಹೊಲದಲ್ಲಿ ಇರಲು ಬಿಡುವುದಿಲ್ಲ. ಕಾಲುವೆಯ ಉದ್ಘಾಟನೆಗೆ ಕರೆತಂದು ದೇಶ ಮಾಡಿಬಿಡುತ್ತದೆ. ಸಲೀಂ-ಜಾವೇದ್ ಬರೆದ 'ದೀವಾರ್' (1975) ಇನ್ನೊಂದು ದಾರಿ ಹಿಡಿಯುತ್ತದೆ. ಗಂಡ ಓಡಿಹೋದ ಮೇಲೆ ಬೊಂಬಾಯಿಯ ಕಟ್ಟಡದ ಕೆಲಸದಲ್ಲಿ ತಲೆಯ ಮೇಲೆ ಹೊರೆ ಹೊತ್ತ ತಾಯಿ ಅದರಲ್ಲಿದ್ದಾಳೆ. ಆದರೆ ಜನ ನೆನಪಿಟ್ಟುಕೊಂಡದ್ದು ಆ ಹೊರೆಯನ್ನಲ್ಲ. ಸೇತುವೆಯ ಕೆಳಗೆ ಅಣ್ಣ ತನ್ನ ಬಂಗಲೆ, ಕಾರುಗಳ ಪಟ್ಟಿ ಹೇಳಿದಾಗ ತಮ್ಮ ಒಂದೇ ಮಾತಿನಲ್ಲಿ ತಾಯಿಯನ್ನು ಮುಂದಿಡುತ್ತಾನಲ್ಲ, ಆ ಮಾತನ್ನು. ಇವತ್ತಿಗೂ ಅದಕ್ಕೆ ಚಪ್ಪಾಳೆ ಬೀಳುತ್ತದೆ. ಸ್ವಲ್ಪ ತಡೆದು ಯೋಚಿಸಿದರೆ ಅದು ಆಸ್ತಿಯ ಪಟ್ಟಿಯಲ್ಲಿ ತಾಯಿಯನ್ನೂ ಸೇರಿಸಿದ ಮಾತು. ಅವಳು ಯಾರ ಬಳಿ ಇದ್ದಾಳೆ ಎಂಬುದು ಪ್ರಶ್ನೆ. ಅವಳು ಏನು ಮಾಡಿದಳು ಎಂಬುದಲ್ಲ.

ಮುನವ್ವರ್ ರಾಣಾ (1952-2024) ಅವರ ಹೆಸರನ್ನು ಇಲ್ಲಿ ಬಿಡುವಂತಿಲ್ಲ. ಪ್ರೇಯಸಿಗೆಂದೇ ಮೀಸಲಾಗಿದ್ದ ಗಜಲಿನಲ್ಲಿ ತಾಯಿಯನ್ನು ತಂದು ಕೂರಿಸಿದ ಕವಿ ಅವರು. ಅದು ಸಣ್ಣ ಕೆಲಸವಲ್ಲ. ಉರ್ದು ಶಾಲೆಯಲ್ಲಿ ಓದಿದ ನಮಗೆ ಅದರ ರೋಮಾಂಚನ ಗೊತ್ತು. ಮುಶಾಯಿರಾದಲ್ಲಿ ಅವರು ತಾಯಿಯ ಮೇಲೆ ಒಂದು ಶೇರ್ ಹೇಳಿದರೆ ಗಡ್ಡದ ಹಿರಿಯರೂ ಕರವಸ್ತ್ರ ತೆಗೆಯುತ್ತಿದ್ದರು. ಆದರೆ ಎರಡು ಸಾಲಿನ ಶೇರಿನಲ್ಲಿ ಸೆರಗಿಗೆ, ದುಆಕ್ಕೆ, ಕಣ್ಣೀರಿಗೆ ಜಾಗ ಸಿಗುತ್ತದೆಯೇ ಹೊರತು ಹಲ್ಲಿನಲ್ಲಿ ನೂಲು ಕಡಿಯುವುದಕ್ಕೆ ಸಿಗುವುದಿಲ್ಲ. ಈಗ ಆ ಶೇರುಗಳು ಮೊಬೈಲಿನಲ್ಲಿ ಹೂವಿನ ಚಿತ್ರದ ಜೊತೆ ಬೆಳಿಗ್ಗೆ ಬಂದು ಬೀಳುತ್ತವೆ. ಕಳಿಸಿದವನ ತಾಯಿ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಅವನ ಡಬ್ಬಿ ತುಂಬುತ್ತಿರುತ್ತಾಳೆ. ಇದು ಕವಿಯ ತಪ್ಪಲ್ಲ.

ಕನ್ನಡದಲ್ಲಿ ಬರೆಯುವ ನಮಗೆ ಬೇರೆ ದಾರಿಯೇ ಇರಲಿಲ್ಲ ಎಂದಲ್ಲ. ಲಂಕೇಶರ 'ಅವ್ವ' ಪದ್ಯ ಕಾಲೇಜಿನಲ್ಲಿ ಓದಿದವರು ನಾವು. ತಾಯಿಯನ್ನು ಪುರಾಣದ ಸತಿಯರ ಸಾಲಿನಿಂದ ಬೇರೆ ಮಾಡಿ ಮಣ್ಣಿನ ಪಕ್ಕದಲ್ಲಿಟ್ಟು ನೋಡಿದ ಪದ್ಯ ಅದು. ಅದರಲ್ಲಿ ತಾಯಿ ದೇವತೆಯಲ್ಲ, ದುಡಿಯುವ ಜೀವ. ಅದನ್ನು ಓದಿ, ಪರೀಕ್ಷೆಯಲ್ಲಿ ಅದರ ಮೇಲೆ ಉತ್ತರ ಬರೆದು, ಒಳ್ಳೆಯ ಅಂಕವನ್ನೂ ತೆಗೆದುಕೊಂಡು, ನಮ್ಮ ತಾಯಿಯ ಮೇಲೆ ಕತೆ ಬರೆಯಲು ಕುಳಿತಾಗ ನಾವು ದೇವತೆಯನ್ನೇ ಬರೆದೆವು.

ಆ ಕತೆಯ ವಿಷಯಕ್ಕೆ ಈಗ ಬರಲೇಬೇಕು. ನಾವು ಎಂದರೆ ಇಲ್ಲಿ ನಾವೇ. ಉರ್ದುವಿನ 'ಹಮ್' ಒಬ್ಬನಿಗೂ ಆಗುತ್ತದೆ, ಹತ್ತು ಜನಕ್ಕೂ ಆಗುತ್ತದೆ. ನಮ್ಮ ಮನೆಮಾತಿನಲ್ಲಿ 'ಮೈ' ಎನ್ನುವವನು ತುಸು ಜಂಬದವನೆಂದೇ ಲೆಕ್ಕ. ನಮ್ಮ ಅಮ್ಮಿ ಹೊಲಿಯುತ್ತಿದ್ದರು. ಅಬ್ಬಾ ಹೋದಾಗ ನಮಗೆ ಐದು ವರ್ಷ. ದಾವಣಗೆರೆಯ ಒಂದು ಓಣಿಯ ಎರಡು ಅಂಕಣದ ಮನೆಯಲ್ಲಿ ಕಾಲಿನಿಂದ ತುಳಿಯುವ ಒಂದು ಹೊಲಿಗೆ ಮಿಷನ್ನು. ಅದಕ್ಕಿಂತ ಹೆಚ್ಚಾಗಿ ಪೇಟೆಯ ದರ್ಜಿಗಳಿಂದ ತಂದ ಕಾಜಾದ ಕೆಲಸ. ಒಂದು ಷರಟಿಗೆ ಮುಂದೆ ಆರು, ಕಾಲರಿಗೆ ಒಂದು, ತೋಳಿಗೆ ಎರಡು, ಒಟ್ಟು ಒಂಬತ್ತು ಕಾಜಾ, ಒಂಬತ್ತು ಗುಂಡಿ. ಇದನ್ನೆಲ್ಲ ನಾವು ಈಗ ಬರೆಯುತ್ತಿದ್ದೇವೆ. ಇಪ್ಪತ್ತು ವರ್ಷದ ಹಿಂದೆ ಬರೆದ ಕತೆಯಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಅಲ್ಲಿದ್ದದ್ದು ಮಧ್ಯರಾತ್ರಿ, ಚಿಮಣಿ ದೀಪ, ಮಿಷನ್ನಿನ ಮೇಲೆ ತಲೆಯಿಟ್ಟು ಬಿಕ್ಕುವ ತಾಯಿ, ನಿದ್ದೆಯ ನಟನೆ ಮಾಡುತ್ತ ನೋಡುವ ಮಗ. ಕತೆಗೆ ಒಂದು ಬಹುಮಾನ ಬಂತು. ಅನೇಕರು ಓದಿ ಅತ್ತೆವು ಎಂದು ಪತ್ರ ಬರೆದರು.

ಅಮ್ಮಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ಒಂದೊಂದೇ ವಾಕ್ಯವನ್ನು ನಮ್ಮ ಮಾತಿಗೆ ತಿರುಗಿಸಿ ಓದಿ ಹೇಳಿದೆವು. ಪೂರ್ತಿ ಕೇಳಿದರು. ಕೇಳಿ, "ಇದು ಯಾರ ಅಮ್ಮಿ ಬೇಟಾ?" ಎಂದರು. ನಾವು ನಕ್ಕೆವು. ಅವರು ನಗಲಿಲ್ಲ. "ರಾತ್ರಿ ಅತ್ತರೆ ಬೆಳಿಗ್ಗೆ ಕಣ್ಣು ಊದಿಕೊಳ್ಳುತ್ತದೆ, ಕಾಜಾ ಸೊಟ್ಟ ಬರುತ್ತದೆ, ದರ್ಜಿ ವಾಪಸು ಎಸೆಯುತ್ತಾನೆ. ಅಳೋದಕ್ಕೆ ನನಗೆ ಪುರಸೊತ್ತು ಎಲ್ಲಿತ್ತು?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬಟ್ಟೆ ಅಂಗಡಿಯ ಸಾಲ ತೀರಿಸಿದ್ದು ಬರೆದಿಲ್ಲವಲ್ಲ. ಹನ್ನೊಂದು ತಿಂಗಳಲ್ಲಿ ತೀರಿಸಿದೆ. ಶೇಟ್ ನನಗೆ ಕುರ್ಚಿ ಕೊಟ್ಟು ಚಾ ತರಿಸಿದ" ಎಂದರು. ಅವರ ಜೀವನದ ದೊಡ್ಡ ಘಟನೆ ಅದು. ಅದು ನಮಗೆ ಗೊತ್ತೇ ಇತ್ತು. ಆ ಕುರ್ಚಿಯ ಪಕ್ಕದಲ್ಲಿ ನಾವೂ ನಿಂತಿದ್ದೆವು. ಆದರೆ ಕತೆಗೆ ಅದು ಬೇಕೆನಿಸಿರಲಿಲ್ಲ.

ಅಂದಿನಿಂದ ಕೃತಜ್ಞತೆಯ ಬರಹ ಓದುವಾಗಲೆಲ್ಲ ನಮಗೆ ಒಂದು ಅನುಮಾನ. ತಾಯಿಯ ದುಡಿಮೆಗೆ ಮಗ ಕಣ್ಣೀರಿನಲ್ಲಿ ಸಂದಾಯ ಮಾಡುತ್ತಿದ್ದಾನೆ. ಕಣ್ಣೀರು ಅಗ್ಗ. ಒಮ್ಮೆ ಸುರಿಸಿದರೆ ಲೆಕ್ಕ ಚುಕ್ತಾ. ದುಡಿಮೆಯನ್ನು ದುಡಿಮೆ ಎಂದೇ ಬರೆದರೆ ಹಾಗೆ ಚುಕ್ತಾ ಆಗುವುದಿಲ್ಲ. ಮಜೂರಿ ಯಾಕೆ ಅಷ್ಟು ಕಡಿಮೆ ಇತ್ತು, ಅಬ್ಬಾನ ಕಡೆಯವರು ಎಲ್ಲಿದ್ದರು, ಜಮಾಅತ್ ಏನು ಮಾಡುತ್ತಿತ್ತು ಎಂಬ ಪ್ರಶ್ನೆಗಳು ಹಿಂದೆಯೇ ಬಂದು ನಿಲ್ಲುತ್ತವೆ. ತ್ಯಾಗಕ್ಕೆ ಯಾರೂ ಜವಾಬ್ದಾರರಿಲ್ಲ. ಕಡಿಮೆ ಮಜೂರಿಗೆ ಜವಾಬ್ದಾರರಿರುತ್ತಾರೆ.

ಇಸ್ಮತ್ ಚುಗ್ತಾಯಿ ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಅವರ 'ಚೌಥೀ ಕಾ ಜೋಡಾ' ಕತೆಯ ತಾಯಿ ವಿಧವೆ, ಹೊಲಿಗೆ ಬಲ್ಲವಳು. ಕುಬ್ರಾ, ಹಮೀದಾ ಎಂಬ ಇಬ್ಬರು ಹೆಣ್ಣುಮಕ್ಕಳು. ಕತೆ ಶುರುವಾಗುವುದು ಅಂಗಳದಲ್ಲಿ. ಚೌಕಿಯ ಮೇಲೆ ಬಟ್ಟೆ ಹಾಸಿದೆ. ಓಣಿಯ ಹೆಂಗಸರು ಸುತ್ತ ಕುಳಿತಿದ್ದಾರೆ. ಬಟ್ಟೆ ಸಾಲದೆಂದು ಎಲ್ಲರೂ ಕೈಬಿಟ್ಟದ್ದನ್ನು ಈಕೆ ಮಡಚಿ, ಅಳೆದು, ಮನಸ್ಸಿನಲ್ಲೇ ಲೆಕ್ಕ ಹಾಕಿ ಕತ್ತರಿಯಿಡುತ್ತಾಳೆ. ಕೂಸಿನ ಬಟ್ಟೆಯಿಂದ ಕಫನಿನವರೆಗೆ ಆ ಕೈ ಕತ್ತರಿಸದ ಬಟ್ಟೆಯಿಲ್ಲ. ಓದುಗ ಮೊದಲು ಕಾಣುವುದು ಅವಳ ಬಡತನವನ್ನಲ್ಲ, ಅವಳ ಕಸುಬನ್ನು. ಆಮೇಲೆ ಬರುತ್ತಾನೆ ಮಾವನ ಮಗ ರಾಹತ್, ಪೊಲೀಸ್ ತರಬೇತಿಗೆಂದು. ಕುಬ್ರಾಳನ್ನು ಒಪ್ಪಬಹುದೆಂಬ ಆಸೆಯಿಂದ ಮನೆಯ ಚೂರುಪಾರು ಒಡವೆ ಮಾರಿ ಅವನಿಗೆ ಪರಾಠಾ ಬೀಳುತ್ತದೆ. ಅವನು ತಿಂದು, ಹಮೀದಾಳ ಮಾನಕ್ಕೆ ಕೈಹಾಕಿ, ಬೇರೆ ಕಡೆ ಮದುವೆ ಗೊತ್ತಾಗಿದೆಯೆಂದು ಹೊರಟುಹೋಗುತ್ತಾನೆ. ಕುಬ್ರಾ ಕ್ಷಯದಿಂದ ಸಾಯುತ್ತಾಳೆ. ಅದೇ ಚೌಕಿ, ಅದೇ ಹೆಂಗಸರು. ಈ ಸಲ ತಾಯಿ ಕತ್ತರಿಯಿಡುವುದು ಮಗಳ ಕಫನಿಗೆ. ಬಹಳ ದಿನದಿಂದ ಹೊಲಿಯುತ್ತಿದ್ದ ಮದುವೆಯ ಜೋಡಿನ ಕೊನೆಯ ಬಟ್ಟೆ ಅದೇ ಆಗುತ್ತದೆ.

ಇಸ್ಮತ್ ತಾಯಿಯ ಮೇಲೆ ಕರುಣೆ ಸುರಿಸುವುದಿಲ್ಲ. ಅಷ್ಟು ಚೆನ್ನಾಗಿ ಬಟ್ಟೆಯ ಲೆಕ್ಕ ಬಲ್ಲವಳು ಗಂಡಸಿನ ಲೆಕ್ಕದಲ್ಲಿ ಹೇಗೆ ಎಡವಿದಳು, ಹಮೀದಾಳನ್ನು ಹೇಗೆ ಅದರೊಳಗೆ ನೂಕಿದಳು ಎಂಬುದನ್ನೂ ಮುಚ್ಚಿಡುವುದಿಲ್ಲ. ನಮ್ಮ ಕತೆಗಾರ ಸಹೋದರರಿಗೆ ಅತ್ಯಂತ ಕಷ್ಟವಾಗುವುದು ಇದೇ. ತಾಯಿ ತಪ್ಪು ಮಾಡಿದಳು ಎಂದು ಬರೆದರೆ ಜನ್ನತ್ತು ತಪ್ಪಿಹೋಗುತ್ತದೆ ಎಂಬ ಭಯ. ತಪ್ಪು ಮಾಡಲಾರದ ತಾಯಿ ನಿರ್ಧಾರವನ್ನೂ ಮಾಡಲಾರಳು. ಅವಳಿಂದ ಕತೆಗೆ ಏನು ಉಪಯೋಗ?

ಶರಣಕುಮಾರ ಲಿಂಬಾಳೆಯವರ 'ಅಕ್ಕರಮಾಶಿ' (1984) ಮರಾಠಿಯಲ್ಲಿ ಬಂದರೂ ಅದರ ಊರು ನಮ್ಮ ಗಡಿಗೆ ಹತ್ತಿರದ ಅಕ್ಕಲಕೋಟೆಯ ಸೀಮೆ. ತಂದೆಯ ಹೆಸರು ಹೇಳಲಾಗದ ಮಗ, ತಾಯಿ ಮಸಾಮಾಯಿ, ಅಜ್ಜಿ ಸಂತಾಮಾಯಿ. ಅಜ್ಜಿಯ ಜೊತೆ ಬಾಳಿದವನು ಮಹಮೂದ್ ದಸ್ತಗೀರ್ ಜಮಾದಾರ್ ಎಂಬ ಹಮಾಲಿ. ಹುಟ್ಟಿನಿಂದ ಮುಸ್ಲಿಮನಾದ ಈ ಮುದುಕ ಆ ದಲಿತ ಹುಡುಗನಿಗೆ ದಾದಾ. ನಮ್ಮ ವಿಮರ್ಶಕರು ಇವನ ಬಗ್ಗೆ ಯಾಕೆ ಹೆಚ್ಚು ಬರೆಯಲಿಲ್ಲವೋ ತಿಳಿಯದು. ಅಜ್ಜಿ ಸಗಣಿ ಆರಿಸಿ ತರುತ್ತಾಳೆ. ಅದರಲ್ಲಿ ದನ ಅರಗಿಸದೆ ಹಾಕಿದ ಜೋಳದ ಕಾಳುಗಳಿರುತ್ತವೆ. ತೊಳೆದು, ಒಣಗಿಸಿ, ಬೀಸಿ ಆ ಹಿಟ್ಟಿನ ರೊಟ್ಟಿಯನ್ನು ತಾನು ತಿನ್ನುತ್ತಾಳೆ. ಮೊಮ್ಮಗನಿಗೆ ಬೇರೆ ಹಿಟ್ಟಿನದು. ಹಸಿದ ತಾಯಿ ಸುಳ್ಳು ಹೇಳಿ ಮಲಗುವ ನಮ್ಮ ಕತೆಗಳ ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಲಿಂಬಾಳೆ ಆ ರೊಟ್ಟಿಯ ವಾಸನೆಯನ್ನೂ ಬರೆಯುತ್ತಾರೆ, ತನಗಾದ ಅಸಹ್ಯವನ್ನೂ ಬರೆಯುತ್ತಾರೆ. ತಾಯಿಯ ಮೇಲೆ ಅವರಿಗಿರುವ ಸಿಟ್ಟು, ನಾಚಿಕೆ, ಋಣ ಮೂರೂ ಒಂದೇ ಗಂಟಿನಲ್ಲಿವೆ. ಬಿಡಿಸಲು ಅವರು ಹೋಗಿಲ್ಲ.

ಕನ್ನಡದಲ್ಲಿ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟುಹೋದ ಆಶ್ರಫ್ ಮುತವಲ್ಲಿಯ ಮುಂದೆ ಬಂದು ನಿಲ್ಲುತ್ತಾಳೆ. ಜುಲೇಖಾ ಬೇಗಂ ಎಂಬಾಕೆಯಿಂದ ತನ್ನ ಧರ್ಮ ತನಗೆ ಏನು ಕೊಟ್ಟಿದೆ ಎಂಬುದನ್ನು ತಿಳಿದುಕೊಂಡಿದ್ದಾಳೆ. ಅವಳು ಕೇಳುವುದು ಜಕಾತ್ ಅಲ್ಲ, ಹಕ್ಕು. ಮಗುವನ್ನು ಎತ್ತಿಕೊಂಡು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಗಿರೀಶ ಕಾಸರವಳ್ಳಿ ಇದನ್ನು 2004ರಲ್ಲಿ 'ಹಸೀನಾ' ಚಿತ್ರವಾಗಿಸಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಈ ಕತೆಯೂ ಲೋಕಕ್ಕೆ ಹೋಯಿತು. ಪ್ರಶಸ್ತಿಯ ಸಂಭ್ರಮದಲ್ಲಿ ನಮಗೆ ನೆನಪಾದದ್ದು ಒಂದೇ. ಒಂಟಿ ತಾಯಿಯ ಕತೆಯಲ್ಲಿ ತಂದೆ 'ತೀರಿಕೊಂಡಿರುತ್ತಾನೆ' ಎಂದು ಬರೆದು ನಾವು ಎಷ್ಟು ಸುಲಭವಾಗಿ ಪಾರಾಗಿದ್ದೇವೆ! ಎಷ್ಟೋ ಕತೆಗಳಲ್ಲಿ ಅವನು ತೀರಿಕೊಂಡಿರುವುದಿಲ್ಲ. ಪಕ್ಕದ ತಾಲೂಕಿನಲ್ಲಿ ಎರಡನೆಯ ಸಂಸಾರ ಹೂಡಿರುತ್ತಾನೆ. ಮಗ ಮರ್ಯಾದೆಗಂಜಿ ಅವನನ್ನು ಕತೆಯಲ್ಲಿ ಸಾಯಿಸಿರುತ್ತಾನೆ. ಒಂದೇ ಉಸಿರಿನ ಮೂರು ತಲಾಖನ್ನು 2017ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು, 2019ರಲ್ಲಿ ಕಾನೂನು ಬಂತು. ಪರವಾಗಿ, ವಿರೋಧವಾಗಿ ಸಭೆಗಳು ನಡೆದವು. ಆ ಸಭೆಗಳಿಗೆ ಹೋಗಿದ್ದ ನಾವು ಒಂದನ್ನು ಗಮನಿಸಿದ್ದೇವೆ. ಬಿಟ್ಟುಹೋದವಳು ಮರುದಿನ ಬೆಳಿಗ್ಗೆ ಯಾವ ಕೆಲಸಕ್ಕೆ ಹೋದಳು ಎಂದು ಯಾವ ಕಡೆಯವರೂ ಕೇಳಲಿಲ್ಲ.

ಧರ್ಮದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ತಾಯಿಯ ಪಾದದಡಿ ಸ್ವರ್ಗ ಎಂದು ವಾಜ್‌ಗಳಲ್ಲಿ ಕೇಳಿ ಬೆಳೆದವರು ನಾವು. ಅದರ ಜೊತೆಗೇ ಇನ್ನೊಬ್ಬ ತಾಯಿಯ ಕತೆಯೂ ಇದೆ. ಮಕ್ಕಾದ ಬರಡು ಕಣಿವೆಯಲ್ಲಿ ಹಸುಳೆ ಇಸ್ಮಾಯೀಲನ ಜೊತೆ ಒಂಟಿಯಾಗಿ ಉಳಿದ ಬೀಬಿ ಹಾಜರಾ. ಚೀಲದ ನೀರು ಮುಗಿದಾಗ ಆಕೆ ಸಫಾದಿಂದ ಮರ್ವಾಕ್ಕೆ, ಮರ್ವಾದಿಂದ ಸಫಾಕ್ಕೆ ಏಳು ಸಲ ಓಡಾಡಿದರು. ಹಜ್ಜಿಗೆ ಹೋದವರು ಇಂದಿಗೂ ಆ ಏಳು ಸುತ್ತು ನಡೆಯುತ್ತಾರೆ. ಒಂದು ಸುತ್ತು ಸುಮಾರು 450 ಮೀಟರು, ಏಳು ಸೇರಿದರೆ ಮೂರು ಕಿಲೋಮೀಟರು ಮೀರುತ್ತದೆ. ನಡುವೆ ಹಸಿರು ದೀಪದ ಒಂದು ಭಾಗವಿದೆ. ಕಣಿವೆಯ ತಗ್ಗು ಅದು. ಅಲ್ಲಿಂದ ಮಗು ಕಾಣದೆ ಆಕೆ ಓಡಿದರು ಎನ್ನುತ್ತಾರೆ. ಅಲ್ಲಿ ಗಂಡಸರು ಓಡಬೇಕು. ಹೆಂಗಸರು ನಡೆದರೆ ಸಾಕು. ತಾಯಿಯ ಓಟವನ್ನು ಗಂಡುಮಕ್ಕಳ ಕಾಲಿಗೆ ಹಚ್ಚಿದ ಈ ಏರ್ಪಾಡನ್ನು ನಮ್ಮ ಕತೆಗಾರರು ಸ್ವಲ್ಪ ನಿಂತು ನೋಡಬೇಕು. ಅಲ್ಲಿ ಯಾರಿಗೂ ಅಳಲು ಹೇಳಿಲ್ಲ, ಓಡಲು ಹೇಳಿದೆ.

ವಾಜ್‌ನಲ್ಲಿ ಕಡಿಮೆ ಕೇಳಿಬರುವ ಭಾಗ ಇದರ ಮುಂದಿನದು. ಜಮ್‌ಜಮ್ ಚಿಮ್ಮಿದಾಗ ಹಾಜರಾ ಮೊದಲು ಮಾಡಿದ ಕೆಲಸ ಕೈಯಿಂದ ಅದರ ಸುತ್ತ ಕಟ್ಟೆ ಕಟ್ಟಿದ್ದು. ಆಮೇಲೆ ಜುರ್ಹುಮ್ ಕುಲದವರು ಆ ದಾರಿಯಲ್ಲಿ ಬಂದು, ಇಲ್ಲಿ ನೆಲೆಸಲು ಅಪ್ಪಣೆ ಕೊಡುತ್ತೀರಾ ಎಂದು ಆಕೆಯನ್ನು ಕೇಳಿದರು. ಆಕೆ ಒಪ್ಪಿದರು. ಆದರೆ ನೀರಿನ ಮೇಲೆ ನಿಮಗೆ ಹಕ್ಕಿಲ್ಲ ಎಂಬ ಶರತ್ತು ಹಾಕಿದರು. ಅವರು ಒಪ್ಪಿಕೊಂಡರು. ಬುಖಾರಿಯ ಹದೀಸಿನಲ್ಲಿ ಇದು ಇದೆ. ಗಂಡಸರ ದಂಡೊಂದರ ಮುಂದೆ ಹಸುಗೂಸಿನ ಒಂಟಿ ತಾಯಿ ನಿಂತು ನೀರಿನ ಒಡೆತನದ ಮಾತು ಆಡುತ್ತಾಳೆ! ಬೀ ಅಮ್ಮಾ ಅವರ ಒಡವೆಯ ವ್ಯವಹಾರ, ನಮ್ಮ ಅಮ್ಮಿ ಶೇಟನ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕುಳಿತದ್ದು, ಎರಡೂ ನಮಗೆ ಈ ಹದೀಸಿನ ಬಂಧುಗಳಾಗಿಯೇ ಕಾಣುತ್ತವೆ. ಮಗನ ನೆನಪಿಗೆ ಮಾತ್ರ ಓಟ ಸಿಗುತ್ತದೆ, ಶರತ್ತು ಸಿಗುವುದಿಲ್ಲ.

ಅಮ್ಮಿ ಈಗಿಲ್ಲ. ಅವರ ಮೇಲೆ ಇನ್ನೊಂದು ಕತೆ ಬರೆಯಬೇಕೆಂದು, ಈ ಸಲ ಕಾಜಾದ ಲೆಕ್ಕ, ಸಾಲದ ಲೆಕ್ಕ ಎಲ್ಲ ಹಾಕಿ ಬರೆಯಬೇಕೆಂದು ಹೊರಟೆವು. ದರಗಳು ಸರಿಯಾಗಿ ನೆನಪಿಲ್ಲದ್ದರಿಂದ ಆಪಾಳನ್ನು ಕೇಳಲು ಹರಿಹರಕ್ಕೆ ಹೋದೆವು. ಆಪಾ ನಮಗಿಂತ ನಾಲ್ಕು ವರ್ಷ ದೊಡ್ಡವಳು. ಏಳನೆಯ ಇಯತ್ತೆಗೆ ಅವಳು ಶಾಲೆ ಬಿಟ್ಟದ್ದು ನಮಗೆ ಗೊತ್ತಿತ್ತು. ಯಾಕೆ ಎಂದು ನಾವು ಯಾವತ್ತೂ ಕೇಳಿರಲಿಲ್ಲ. ಅವಳಿಗೆ ಓದು ಹತ್ತಲಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು, ನಾವೂ ಹಾಗೆಯೇ ನಂಬಿದ್ದೆವು. ಹೊಸ ಕತೆಯ ಮೊದಲ ಪುಟಗಳನ್ನು ಅವಳಿಗೆ ಓದಿ ಹೇಳಿದೆವು. ಒಂಬತ್ತು ಕಾಜಾ, ಒಂಬತ್ತು ಗುಂಡಿ ಎಂಬಲ್ಲಿ ಅವಳು ಕೈಯೆತ್ತಿ ತಡೆದಳು.

"ಕಾಜಾ ಅಮ್ಮಿಯದು," ಎಂದಳು. "ಗುಂಡಿ ಹಚ್ಚುತ್ತಿದ್ದದ್ದು ನಾನು."